ಹಿಂಜರಿತ ಬಂದರೆ ಹೈಬ್ರಿಡ್ ಕಾರುಗಳ ಬೇಡಿಕೆ ಏನಾಗುತ್ತದೆ?

ಪ್ರಶ್ನೆ: ನಾನು ಚನ್ನಪಟ್ಟಣದವನು. ಮಗ ಡಿಪ್ಲೊಮಾ ಮುಗಿಸಿ ಬಿಡದಿಯಲ್ಲಿ ಹೈಬ್ರಿಡ್ ಕಾರುಗಳ ಬಿಡಿಭಾಗ ತಯಾರಿಸುವ ಕಡೆ ಕೆಲಸಕ್ಕೆ ಸೇರಿದ್ದಾನೆ. ದಿನ ಬೆಳಗಾದರೆ ಆರ್ಥಿಕ ಹಿಂಜರಿತದ ಮಾತು. ಕಷ್ಟಕಾಲದಲ್ಲಿ ಜನ ಮೈಲೇಜ್ ನೋಡುತ್ತಾರೆ, ಹಾಗಾಗಿ ಹೈಬ್ರಿಡ್‌ಗೆ ಬೇಡಿಕೆ ಹೆಚ್ಚುತ್ತದೆ ಅನ್ನುತ್ತಾನೆ ಅವನು. ಕೈಯಲ್ಲಿ ಕಾಸಿಲ್ಲದಾಗ ದುಬಾರಿ ಕಾರನ್ನು ಯಾರು ಕೊಳ್ಳುತ್ತಾರೆ ಅನ್ನುವುದು ನನ್ನ ಚಿಂತೆ. ಯಾರ ಮಾತು ಸರಿ? ಮನೆಯ ಹಳೇ ಕಾರು ಕೊಟ್ಟು ಒಂದು ಹೈಬ್ರಿಡ್ ತರೋಣ ಅಂತಲೂ ಅವನು ಹಟ ಹಿಡಿದಿದ್ದಾನೆ.

ಉತ್ತರ: ಹಿಂಜರಿತ ಬಂದಾಗ ಹೈಬ್ರಿಡ್ ಕಾರುಗಳ, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ ಮತ್ತು ಮೋಟರ್ ಕೂಡ ಇರುವ ಕಾರುಗಳ, ಮಾರಾಟ ಇಳಿಯುತ್ತದೆ. ಆದರೆ ಉಳಿದ ಕಾರುಗಳು ಇಳಿದಷ್ಟು ಇಳಿಯುವುದಿಲ್ಲ. ಹಾಗಾಗಿ ಒಟ್ಟು ಮಾರುಕಟ್ಟೆಯಲ್ಲಿ ಅವುಗಳ ಪಾಲು ಏರುತ್ತದೆ. ಹಿಂಜರಿತ ಮುಗಿದು ವ್ಯಾಪಾರ ಚೇತರಿಸಿಕೊಳ್ಳುವಾಗ ಪೆಟ್ರೋಲ್ ಅಗ್ಗವಾಗಿದ್ದರೆ ಆ ಪಾಲು ಮತ್ತೆ ಕುಗ್ಗುತ್ತದೆ. ಇದರ ನಡುವೆ ಸರ್ಕಾರವೊಂದು ತೆರಿಗೆ ಇಳಿಸಿ ಕೈಯಾರೆ ಹೈಬ್ರಿಡ್‌ಗಳ ಬೆಲೆ ತಗ್ಗಿಸಿದರೆ ಇಡೀ ಲೆಕ್ಕ ಬದಲಾಗಿಬಿಡುತ್ತದೆ. ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. 2008-09ರಲ್ಲಿ ಅಮೆರಿಕ ಮತ್ತು ಜಪಾನ್ ಒಂದೇ ಬಿರುಗಾಳಿಗೆ ಸಿಕ್ಕಿದವು, ಹೈಬ್ರಿಡ್ ವಿಷಯದಲ್ಲಿ ಎರಡೂ ಕಡೆ ತದ್ವಿರುದ್ಧ ಫಲ ಕಂಡಿತು. ಆ ಎರಡು ಕಥೆಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ಬಿಡದಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಮೊದಲು ಅಮೆರಿಕ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು. ಅಲ್ಲಿನ ಬಂಕ್‌ಗಳಲ್ಲಿ ಒಂದು ಗ್ಯಾಲನ್, ಅಂದರೆ ಮೂರು ಮುಕ್ಕಾಲು ಲೀಟರ್‌ಗೆ ಸ್ವಲ್ಪ ಹೆಚ್ಚು ಪೆಟ್ರೋಲ್‌ಗೆ ಸರಾಸರಿ 4.11 ಡಾಲರ್. ಆಗ ಟೊಯೋಟಾ ಪ್ರಿಯಸ್ ಎಂಬ ಹೈಬ್ರಿಡ್ ಕಾರಿಗಾಗಿ ಜನ ತಿಂಗಳುಗಟ್ಟಲೆ ಕಾದರು. ಡೀಲರ್‌ಗಳು ನಮೂದಿಸಿದ ಬೆಲೆಗಿಂತ ಮೇಲೆ ಕೇಳಿದರು, ಸೆಕೆಂಡ್ ಹ್ಯಾಂಡ್ ಪ್ರಿಯಸ್ ಹೆಚ್ಚುಕಡಿಮೆ ಹೊಸದರ ಬೆಲೆಗೇ ಮಾರಾಟವಾಯಿತು. ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಬಿದ್ದಿತು. ಕೆಲಸಗಳು ಹೋದವು, ಸಾಲ ಸಿಗದಾಯಿತು. ಜಗತ್ತಿನಾದ್ಯಂತ ತೈಲಕ್ಕೆ ಬೇಡಿಕೆಯೇ ಕುಸಿದ ಕಾರಣ ಪೆಟ್ರೋಲ್ ಬೆಲೆಯೂ ಧೊಪ್ಪನೆ ಬಿದ್ದು, ಡಿಸೆಂಬರ್ ಕೊನೆಗೆ ಗ್ಯಾಲನ್‌ಗೆ 1.61 ಡಾಲರ್‌ಗೆ ಬಂತು. ಬೇಸಿಗೆಯಲ್ಲಿ ಸಾಲುಗಟ್ಟಿ ಕಾದಿದ್ದ ಗಿರಾಕಿ ಚಳಿಗಾಲದಲ್ಲಿ ಶೋರೂಮ್ ಕಡೆ ತಲೆ ಹಾಕಲಿಲ್ಲ. ನವೆಂಬರ್‌ನಲ್ಲಿ ಪ್ರಿಯಸ್ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಹತ್ತಿರಹತ್ತಿರ ಅರ್ಧಕ್ಕಿಳಿಯಿತು.

ಹಿಂಜರಿತ ಹೈಬ್ರಿಡ್ ಕಾರಿಗೆ ಎರಡು ಕಡೆಯಿಂದ ಪೆಟ್ಟು ಕೊಡುತ್ತದೆ. ಒಂದು, ಕೊಳ್ಳುವವನ ಜೇಬು ಬರಿದಾಗುತ್ತದೆ. ಅದು ಎಲ್ಲ ಕಾರುಗಳಿಗೂ ಬೀಳುವ ಪೆಟ್ಟು. ಎರಡನೆಯದು ಹೈಬ್ರಿಡ್‌ಗೆ ಮಾತ್ರ ಬೀಳುವಂಥದ್ದು: ಇಂಧನ ಅಗ್ಗವಾದ ಕೂಡಲೇ, ಹೆಚ್ಚಿಗೆ ಕೊಟ್ಟ ಹಣ ಇಂಧನದ ಉಳಿತಾಯದಲ್ಲಿ ವಾಪಸ್ ಬರುತ್ತದೆ ಎಂಬ ವಾದ ದುರ್ಬಲವಾಗುತ್ತದೆ. ನಿಮ್ಮ ಮಗ ಈ ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕಷ್ಟಕಾಲ ಅಂದರೆ ಪೆಟ್ರೋಲ್ ದುಬಾರಿಯಾಗುವ ಕಾಲ ಅಂತಲೇ ನಾವೆಲ್ಲ ಅಂದುಕೊಳ್ಳುತ್ತೇವೆ. ಜಗತ್ತೇ ಹಿಂಜರಿತಕ್ಕೆ ಬಿದ್ದಾಗ ಸಾಮಾನ್ಯವಾಗಿ ತೈಲ ಅಗ್ಗವಾಗುತ್ತದೆ.

ಈಗ ನಿಮ್ಮ ಚಿಂತೆಗೆ ಬರೋಣ. ಅಮೆರಿಕದಲ್ಲಿ 2007ರಲ್ಲಿ ಸುಮಾರು 1.6 ಕೋಟಿ ಕಾರು ಮತ್ತು ಲಘು ವಾಹನಗಳು ಮಾರಾಟವಾಗಿದ್ದವು. ಅದರಲ್ಲಿ ಹೈಬ್ರಿಡ್ ಸುಮಾರು 3.5 ಲಕ್ಷ. 2009ಕ್ಕೆ ಒಟ್ಟು ಮಾರಾಟ 1.04 ಕೋಟಿಗೆ ಇಳಿಯಿತು, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಾಯ. ಹೈಬ್ರಿಡ್ ಇಳಿದದ್ದು 2.9 ಲಕ್ಷಕ್ಕೆ, ಸುಮಾರು ಆರರಲ್ಲಿ ಒಂದು ಪಾಲು. ಹೀಗಾಗಿ ಅದರ ಪಾಲು ನೂರಕ್ಕೆ 2.2ರಿಂದ 2.8ಕ್ಕೆ ಏರಿತು. ದುಬಾರಿ ಕಾರು ಹೆಚ್ಚು ಬೀಳಬೇಕಿತ್ತಲ್ಲ, ಯಾಕೆ ಬೀಳಲಿಲ್ಲ? ಹೈಬ್ರಿಡ್ ಕೊಳ್ಳುತ್ತಿದ್ದವರು ಸ್ಥಿತಿವಂತರು, ಒಳ್ಳೆಯ ಸಾಲದ ಚರಿತ್ರೆ ಇದ್ದವರು. 2008ರ ಅಕ್ಟೋಬರ್‌ನಲ್ಲಿ ಜಿಎಂಎಸಿ ಎಂಬ ದೊಡ್ಡ ವಾಹನ ಸಾಲ ಸಂಸ್ಥೆ ಕ್ರೆಡಿಟ್ ಸ್ಕೋರ್ 700 ಇಲ್ಲದವರಿಗೆ ಸಾಲ ಕೊಡುವುದನ್ನೇ ನಿಲ್ಲಿಸಿತು. ಆ ಬಾಗಿಲಲ್ಲಿ ಸಿಕ್ಕಿಕೊಂಡವರು ಹೆಚ್ಚಾಗಿ ಅಗ್ಗದ ಕಾರು, ಪಿಕಪ್ ಕೊಳ್ಳಬೇಕಿದ್ದ ಕೆಳ ಮಧ್ಯಮ ವರ್ಗದವರು. ಜೊತೆಗೆ 2009ರ ಜುಲೈ-ಆಗಸ್ಟ್‌ನಲ್ಲಿ ಹಳೇ ಗಾಡಿ ಗುಜರಿಗೆ ಹಾಕಿ ಹೊಸದು ಕೊಂಡವರಿಗೆ ಸರ್ಕಾರ 3,500ರಿಂದ 4,500 ಡಾಲರ್ ಕೊಟ್ಟಿತು. ಆ ಯೋಜನೆಯಲ್ಲಿ ಜನ ಕೊಂಡ ಮೊದಲ ಹತ್ತು ಕಾರುಗಳಲ್ಲಿ ಪ್ರಿಯಸ್ ಕೂಡ ಇತ್ತು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದರ ಮರುವರ್ಷ. 2010ರಲ್ಲಿ ಅಮೆರಿಕದ ಒಟ್ಟು ಮಾರಾಟ ಶೇಕಡ 11ರಷ್ಟು ಏರಿ 1.16 ಕೋಟಿಗೆ ಬಂತು. ಹೈಬ್ರಿಡ್ ಮಾತ್ರ ಇನ್ನೂ ಇಳಿದು 2.74 ಲಕ್ಷಕ್ಕೆ ನಿಂತಿತು. ಸಾಲ ಮತ್ತೆ ಸಿಗತೊಡಗಿತು, ಪೆಟ್ರೋಲ್ 2008ರ ಬೇಸಿಗೆಯ ಮಟ್ಟಕ್ಕೆ ಬಂದಿರಲಿಲ್ಲ. ಹಾಗಾಗಿ ವಾಪಸ್ ಬಂದ ಗಿರಾಕಿ ಎಸ್‌ಯುವಿ, ಪಿಕಪ್‌ಗಳ ಕಡೆ ಹೋದ. ಹಿಂಜರಿತದ ವರ್ಷವನ್ನಷ್ಟೇ ನೋಡಿ ಭವಿಷ್ಯ ಹೇಳುವವರು ಈ ಚೇತರಿಕೆಯ ವರ್ಷದಲ್ಲಿ ಎಡವುತ್ತಾರೆ.

ಹೈಬ್ರಿಡ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ರೀತಿ ಉಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ಕ್ರೈಸ್ಲರ್ ಕಂಪನಿ 2008ರಲ್ಲಿ ಡಾಡ್ಜ್ ಡುರಾಂಗೊ ಮತ್ತು ಕ್ರೈಸ್ಲರ್ ಆಸ್ಪೆನ್ ಎಂಬ ಭಾರೀ ಗಾತ್ರದ ಎಸ್‌ಯುವಿಗಳಿಗೆ ಹೈಬ್ರಿಡ್ ಮಾದರಿ ತಂದಿತು. ಆ ವರ್ಷದ ಡಿಸೆಂಬರ್‌ನಲ್ಲಿ ಡೆಲವೇರ್ ರಾಜ್ಯದ ನ್ಯೂಆರ್ಕ್‌ನಲ್ಲಿದ್ದ ಕಾರ್ಖಾನೆಯೇ ಬಾಗಿಲು ಮುಚ್ಚಿತು. ಆ ಕಾರುಗಳ ಆಯುಷ್ಯ ಕೆಲವೇ ತಿಂಗಳು. ದೊಡ್ಡ ಗಾಡಿ, ದೊಡ್ಡ ಬೆಲೆ, ಅದರ ಮೇಲೆ ಹೈಬ್ರಿಡ್ ಖರ್ಚು: ಹಿಂಜರಿತದಲ್ಲಿ ಮೊದಲು ಸಾಯುವುದು ಇಂಥವು.

ನಿಮ್ಮ ಮಗನ ಕೆಲಸದ ಮಾತು ಬಂದಾಗ ನನಗೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಬ್ಲೂ ಸ್ಪ್ರಿಂಗ್ಸ್ ಎಂಬ ಊರು ನೆನಪಾಗುತ್ತದೆ. ಅಲ್ಲಿ ಹೊಸ ಕಾರ್ಖಾನೆ ಕಟ್ಟುವುದಾಗಿ ಟೊಯೋಟಾ 2007ರಲ್ಲಿ ಘೋಷಿಸಿತ್ತು. ಪೆಟ್ರೋಲ್ ಬೆಲೆ ಉಚ್ಛ್ರಾಯದಲ್ಲಿದ್ದ 2008ರ ಜುಲೈನಲ್ಲಿ, ಅಲ್ಲಿ ಪ್ರಿಯಸ್ಸನ್ನೇ ತಯಾರಿಸುತ್ತೇವೆ ಅಂದಿತು. ಐದೇ ತಿಂಗಳ ನಂತರ, ಡಿಸೆಂಬರ್‌ನಲ್ಲಿ, ಕಟ್ಟಡ ಬಹುಮಟ್ಟಿಗೆ ಎದ್ದು ನಿಂತಿದ್ದಾಗ ಕೆಲಸವನ್ನು ಅನಿರ್ದಿಷ್ಟ ಕಾಲ ಮುಂದೂಡಿತು. ಕೊನೆಗೆ ಆ ಕಾರ್ಖಾನೆ ಶುರುವಾಗಿದ್ದು 2011ರಲ್ಲಿ, ಅಲ್ಲಿಂದ ಹೊರಬಂದ ಕಾರು ಹೈಬ್ರಿಡ್ ಅಲ್ಲದ ಕೊರೊಲ್ಲಾ. ಅಂದರೆ ಹಿಂಜರಿತದ ಪೆಟ್ಟು ಮೊದಲು ಬೀಳುವುದು ಇನ್ನೂ ಶುರುವಾಗದ ಲೈನ್‌ಗಳ ಮೇಲೆ, ಇನ್ನೂ ಆಗದ ನೇಮಕಾತಿಗಳ ಮೇಲೆ.

ಇನ್ನು ಜಪಾನ್. ಅಲ್ಲೂ ರಫ್ತು ಕುಸಿದು ಆರ್ಥಿಕತೆ ನೆಲಕಚ್ಚಿತ್ತು. 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಟೊಯೋಟಾ ಏಳು ದಶಕಗಳಲ್ಲಿ ಮೊದಲ ಬಾರಿಗೆ ಕಾರ್ಯಾಚರಣೆಯ ನಷ್ಟ ತೋರಿಸಿತು. ಪೆಟ್ರೋಲ್ ಬೆಲೆಯೂ 2008ರ ಆಗಸ್ಟ್‌ನಲ್ಲಿ ಲೀಟರ್‌ಗೆ 185 ಯೆನ್ ಇದ್ದದ್ದು ಜನವರಿಯ ಹೊತ್ತಿಗೆ 106ರ ಹತ್ತಿರಕ್ಕೆ ಇಳಿದಿತ್ತು. ಅಮೆರಿಕದ ತರ್ಕದ ಪ್ರಕಾರ ಹೈಬ್ರಿಡ್ ಮುಗ್ಗರಿಸಬೇಕಿತ್ತು. ಆಗಿದ್ದೇ ಬೇರೆ.

2009ರ ಫೆಬ್ರವರಿಯಲ್ಲಿ ಹೋಂಡಾ ತನ್ನ ಇನ್‌ಸೈಟ್ ಹೈಬ್ರಿಡ್ಡನ್ನು 18.9 ಲಕ್ಷ ಯೆನ್‌ಗೆ ಇಳಿಸಿತು. ಏಪ್ರಿಲ್‌ನಲ್ಲಿ ಅದು, ಪುಟ್ಟ ಎಂಜಿನ್ನಿನ ಮಿನಿ ಕಾರುಗಳನ್ನು ಬಿಟ್ಟರೆ, ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು, ಹೈಬ್ರಿಡ್ ಒಂದಕ್ಕೆ ಆ ಪಟ್ಟ ಸಿಕ್ಕಿದ್ದು ಅದೇ ಮೊದಲು. ಮೇ ತಿಂಗಳಲ್ಲಿ ಟೊಯೋಟಾ ಮೂರನೇ ತಲೆಮಾರಿನ ಪ್ರಿಯಸ್ಸನ್ನು 20.5 ಲಕ್ಷ ಯೆನ್‌ಗೆ ಬಿಟ್ಟಿತು, ಹಳೇ ಮಾದರಿಯನ್ನು ಇನ್‌ಸೈಟ್‌ನ ಬೆಲೆಗೇ ತಂದು ನಿಲ್ಲಿಸಿತು. ಒಂದೇ ತಿಂಗಳಲ್ಲಿ ಹೊಸ ಪ್ರಿಯಸ್‌ಗೆ 1.8 ಲಕ್ಷ ಬುಕಿಂಗ್! ಏಪ್ರಿಲ್‌ನಿಂದ ಸರ್ಕಾರ ಹೈಬ್ರಿಡ್‌ಗಳಿಗೆ ಖರೀದಿ ತೆರಿಗೆ ಮತ್ತು ತೂಕದ ತೆರಿಗೆ ಎರಡನ್ನೂ ಪೂರ್ತಿ ಮನ್ನಾ ಮಾಡಿತ್ತು. ಹದಿಮೂರು ವರ್ಷ ದಾಟಿದ ಕಾರನ್ನು ಗುಜರಿಗೆ ಹಾಕಿ ಪರಿಸರಸ್ನೇಹಿ ಕಾರು ಕೊಂಡರೆ 2.5 ಲಕ್ಷ ಯೆನ್, ಹಾಗೇ ಕೊಂಡರೆ 1 ಲಕ್ಷ ಯೆನ್ ಸಹಾಯಧನವೂ ಇತ್ತು. ಒಟ್ಟು ಕಾರು ಮಾರಾಟ ಸುಮಾರು 46 ಲಕ್ಷಕ್ಕೆ ಕುಸಿದ ಅದೇ ವರ್ಷ ಪ್ರಿಯಸ್ 2 ಲಕ್ಷ ದಾಟಿ ಜಪಾನಿನ ನಂಬರ್ ಒನ್ ಕಾರಾಯಿತು. ಮರುವರ್ಷ 3 ಲಕ್ಷ ದಾಟಿತು.

ಅಮೆರಿಕದಲ್ಲಿ ಆಗಿದ್ದು ಇದರ ಉಲ್ಟಾ. ಅಲ್ಲಿ ಹೈಬ್ರಿಡ್‌ಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇತ್ತು, ಆದರೆ ಒಂದು ಕಂಪನಿ 60,000 ಕಾರು ಮಾರಿದ ಮೇಲೆ ಅದು ಹಂತಹಂತವಾಗಿ ಕರಗಬೇಕು ಎಂಬ ನಿಯಮ. ಪ್ರಿಯಸ್‌ಗೆ 3,150 ಡಾಲರ್ ಇದ್ದ ರಿಯಾಯಿತಿ 2007ರ ಅಕ್ಟೋಬರ್ ಹೊತ್ತಿಗೆ ಸೊನ್ನೆಯಾಗಿತ್ತು. ಎರಡು ತಿಂಗಳಲ್ಲೇ, ಡಿಸೆಂಬರ್‌ನಲ್ಲಿ, ಹಿಂಜರಿತ ಶುರು. ಆಸರೆ ಬೇಕಿದ್ದ ಹೊತ್ತಿಗೆ ಸರಿಯಾಗಿ ಆಸರೆ ತೆಗೆದಂತಾಯಿತು. ಜಪಾನ್ ಗೆದ್ದ ಅದೇ ಇನ್‌ಸೈಟ್ 2009ರಲ್ಲಿ ಅಮೆರಿಕದಲ್ಲಿ ಮಾರಾಟವಾದದ್ದು ಬರೀ 20 ಸಾವಿರ ಚಿಲ್ಲರೆ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಕಷ್ಟಕಾಲದಲ್ಲಿ ಗಿರಾಕಿ ನೋಡುವುದು ಐದು ವರ್ಷದ ಉಳಿತಾಯವನ್ನಲ್ಲ, ಇವತ್ತು ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದನ್ನು. ಹೈಬ್ರಿಡ್ ಬೇಡಿಕೆಯನ್ನು ಹಿಂಜರಿತಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಆ ಹೊತ್ತಿನ ತೆರಿಗೆ ಮತ್ತು ಆನ್-ರೋಡ್ ಬೆಲೆ.

ನಮ್ಮ ದೇಶದಲ್ಲಿ ಈ ಮಾತು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. 2008ರ ಜೂನ್‌ನಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಇಲ್ಲಿಗೆ ಬಂದಾಗ ಬೆಲೆ 21.5 ಲಕ್ಷ. ಪೂರ್ತಿ ತಯಾರಾದ ಕಾರನ್ನು ಹಡಗಿನಲ್ಲಿ ತರಿಸುತ್ತಿದ್ದರಿಂದ ಆಮದು ಸುಂಕವೇ ಹೊರೆ. ಮಾಮೂಲಿ ಸಿವಿಕ್ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತಿತ್ತು. ಕೆಲವೇ ತಿಂಗಳಲ್ಲಿ, ಹಿಂಜರಿತದ ನಡುವೆ, ಸುಮಾರು 8 ಲಕ್ಷ ರೂಪಾಯಿ ಕಡಿತ ಮಾಡಿ ಅದನ್ನು ಮಾರಬೇಕಾಯಿತು. ಅಷ್ಟು ಕಡಿಮೆ ಮಾಡಿದಾಗಲೇ ಜನ ಅದರ ಕಡೆ ತಿರುಗಿ ನೋಡಿದ್ದು.

ಇಂಧನದ ಬೆಲೆ ವಿಷಯದಲ್ಲಿ ಮಾತ್ರ ನಾವು ಅಮೆರಿಕದಂತಲ್ಲ. 2008ರಲ್ಲಿ ಕಚ್ಚಾ ತೈಲ 147 ಡಾಲರ್‌ನಿಂದ 40ರ ಕೆಳಗೆ ಬಿದ್ದಾಗಲೂ ದೆಹಲಿಯ ಬಂಕ್‌ನಲ್ಲಿ ಪೆಟ್ರೋಲ್ ಇಳಿದದ್ದು 50 ರೂಪಾಯಿ ಚಿಲ್ಲರೆಯಿಂದ 40 ರೂಪಾಯಿ ಚಿಲ್ಲರೆಗೆ. 2020ರ ಕೋವಿಡ್ ಹೊತ್ತಿನಲ್ಲಂತೂ ನಮ್ಮ ಕಚ್ಚಾ ತೈಲ 20 ಡಾಲರ್ ಆಸುಪಾಸಿಗೆ ಬಂದಾಗ ಕೇಂದ್ರ ಸರ್ಕಾರ ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ 10 ರೂಪಾಯಿ ಅಬಕಾರಿ ಸುಂಕ ಏರಿಸಿತು. ಲೀಟರ್ ಪೆಟ್ರೋಲ್ ಮೇಲಿನ ಆ ಸುಂಕ 19.98 ರೂಪಾಯಿಯಿಂದ 32.98ಕ್ಕೆ ಹೋಯಿತು. ತೈಲ ಅಗ್ಗವಾದ ಲಾಭ ಬಂಕ್‌ವರೆಗೆ ಬರಲೇ ಇಲ್ಲ. ಕಾರು ಇಟ್ಟುಕೊಂಡವರಿಗೆ ಇದು ಕೆಟ್ಟ ಸುದ್ದಿ. ಹೈಬ್ರಿಡ್ ತಯಾರಿಸುವವರಿಗೆ ಒಂದು ರೀತಿಯ ರಕ್ಷಣೆ: ಅಮೆರಿಕದಲ್ಲಿ ಬಿದ್ದ ಎರಡನೇ ಪೆಟ್ಟು ಇಲ್ಲಿ ಅಷ್ಟು ಜೋರಾಗಿ ಬೀಳುವುದಿಲ್ಲ.

ಆದರೆ ಇಲ್ಲಿ ಹೈಬ್ರಿಡ್‌ಗೆ ಬೇರೆ ಪೈಪೋಟಿ ಇದೆ. ಮೈಲೇಜ್ ಹುಡುಕುವ ಮಧ್ಯಮ ವರ್ಗದವನು ಸಿಎನ್‌ಜಿ ಕಡೆ ಹೋಗುತ್ತಾನೆ. ಸುಮಾರು ಒಂದು ಲಕ್ಷ ಹೆಚ್ಚು ಕೊಟ್ಟರೆ ಸಿಎನ್‌ಜಿ ಮಾದರಿ ಸಿಗುತ್ತದೆ, ಹೈಬ್ರಿಡ್‌ಗೆ ಅದರ ಎರಡು ಮೂರು ಪಟ್ಟು ಹೆಚ್ಚು ಕೊಡಬೇಕು. ದೇಶದಲ್ಲಿ ಮಾರಾಟವಾಗುವ ಐದು ಕಾರುಗಳಲ್ಲಿ ಹೆಚ್ಚುಕಡಿಮೆ ಒಂದು ಸಿಎನ್‌ಜಿ ಆಗಿದೆ. ಹೈಬ್ರಿಡ್ ಅದರ ಹತ್ತಿರಕ್ಕೂ ಬಂದಿಲ್ಲ.

ಇನ್ನೊಂದು, ಹೆಚ್ಚು ಚರ್ಚೆಯಾಗದ ಸಂಗತಿ ಇದೆ. 2025ರ ಸೆಪ್ಟೆಂಬರ್ 21ರವರೆಗೆ ದೊಡ್ಡ ಹೈಬ್ರಿಡ್ ಕಾರುಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 43 ಇತ್ತು. ಅದೇ ಗಾತ್ರದ ಪೆಟ್ರೋಲ್ ಕಾರಿಗೆ ಎಂಜಿನ್ ನೋಡಿಕೊಂಡು 45ರಿಂದ 50. ಸೆಸ್ ತೆಗೆದ ಮೇಲೆ ಎರಡಕ್ಕೂ ಶೇ 40. ಹೈಬ್ರಿಡ್‌ಗೂ ಬೆಲೆ ಇಳಿಯಿತು ಅಂತ ಸುದ್ದಿ ಬಂತು, ಅದು ಸುಳ್ಳಲ್ಲ. ಆದರೆ ಇನ್ನೋವಾ ಹೈಕ್ರಾಸ್‌ನ ಪೆಟ್ರೋಲ್ ಮಾದರಿಗೆ ಎಂಟು ಅಂಶ ಇಳಿದರೆ ಹೈಬ್ರಿಡ್ ಮಾದರಿಗೆ ಇಳಿದದ್ದು ಮೂರೇ ಅಂಶ. ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳ ತೆರಿಗೆ ಶೇ 18ಕ್ಕೆ ಬಂದರೆ ಎಲೆಕ್ಟ್ರಿಕ್ ಕಾರಿಗೆ ಮೊದಲಿನಂತೆ ಶೇ 5. ಹೋಲಿಸಿ ನೋಡಿದರೆ ಹೈಬ್ರಿಡ್ ಹಿಂದಕ್ಕೆ ಸರಿದಿದೆ. ಹಿಂಜರಿತದ ಹೊತ್ತಿನಲ್ಲಿ ಈ ಅಂತರವೇ ಎದ್ದು ಕಾಣುವುದು. ಉತ್ತರ ಪ್ರದೇಶ 2024ರ ಜುಲೈನಲ್ಲಿ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ಮನ್ನಾ ಮಾಡಿತು. ಹೈಬ್ರಿಡ್ ಕಾರುಗಳನ್ನು ತಯಾರಿಸುವ ನಮ್ಮ ರಾಜ್ಯ ಆ ದಿಕ್ಕಿನಲ್ಲಿ ಗಂಭೀರವಾಗಿ ಯೋಚಿಸಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಹಾಗಾದರೆ ಮಗನ ಕೆಲಸ? ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾಗುವ ಹೈರೈಡರ್, ಮಾರುತಿಗಾಗಿ ಅಲ್ಲೇ ತಯಾರಾಗುವ ಗ್ರ್ಯಾಂಡ್ ವಿಟಾರಾ, ಹೈಕ್ರಾಸ್ ಇವೆಲ್ಲಕ್ಕೂ ಹೈಬ್ರಿಡ್ ಅಲ್ಲದ ಮಾದರಿಯೂ ಇದೆ. ಹೈಬ್ರಿಡ್ ಬೇಡಿಕೆ ಕುಗ್ಗಿದರೂ ಕಾರು ಜೋಡಿಸುವ ಕೆಲಸ ನಿಲ್ಲದು. ಆದರೆ ಮೋಟರ್, ಇ-ಡ್ರೈವ್ (ಮೋಟರ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಭಾಗ) ಇಂಥ ಹೈಬ್ರಿಡ್ ಭಾಗಗಳನ್ನೇ ಮಾಡುವ ಲೈನ್‌ಗೆ ಆ ಅನುಕೂಲ ಇಲ್ಲ. ಆದ್ದರಿಂದ ಅವನು ಕೇಳಿ ತಿಳಿದುಕೊಳ್ಳಬೇಕಾದದ್ದು ಎರಡು: ತನ್ನ ಲೈನ್‌ನ ಭಾಗಗಳಲ್ಲಿ ಎಷ್ಟು ರಫ್ತಾಗುತ್ತವೆ, ಮತ್ತು ಅದೇ ಭಾಗ ಅಥವಾ ಅದೇ ಕೌಶಲ ಎಲೆಕ್ಟ್ರಿಕ್ ಕಾರಿಗೂ ಆಗುತ್ತದೆಯೇ. ಮೋಟರ್, ಇನ್ವರ್ಟರ್, ಹೈವೋಲ್ಟೇಜ್ ವೈರಿಂಗ್ ಕಲಿತವನಿಗೆ ಎರಡೂ ಕಡೆ ಬೆಲೆ ಇದೆ. ಟ್ರೈನಿ ಅಥವಾ ಗುತ್ತಿಗೆ ಹುದ್ದೆಯಾಗಿದ್ದರೆ ಕಾಯಂ ಆಗುವ ದಾರಿಯನ್ನು ಈಗಲೇ ವಿಚಾರಿಸಲಿ. ಬ್ಲೂ ಸ್ಪ್ರಿಂಗ್ಸ್‌ನಲ್ಲಿ ಆದಂತೆ ಮುಂದೂಡುವುದು ಯಾವಾಗಲೂ ಹೊಸ ನೇಮಕಾತಿಯಿಂದ ಶುರುವಾಗುತ್ತದೆ. 2023ರ ನವೆಂಬರ್‌ನಲ್ಲಿ ಟೊಯೋಟಾದ ಬಿಡದಿಯ ಮೂರನೇ ಘಟಕಕ್ಕೆ 3,300 ಕೋಟಿ ರೂಪಾಯಿ ಹೂಡುವ ಒಪ್ಪಂದವಾಗಿದೆ. ಆ ಘಟಕದ ಕೆಲಸ ಹೇಗೆ ಸಾಗುತ್ತಿದೆ ಎಂಬುದರ ಮೇಲೆ ಕಣ್ಣಿಡಿ, ಹಿಂಜರಿತದ ಭಾಷಣಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ಕಾರು ಕೊಳ್ಳುವ ವಿಷಯಕ್ಕೆ ಕಾಗದ-ಪೆನ್ನು ತೆಗೆದುಕೊಳ್ಳಿ. ಹೈಬ್ರಿಡ್ ಮಾದರಿಗೆ 2.5 ಲಕ್ಷ ಹೆಚ್ಚು ಕೊಡಬೇಕು ಅಂತ ಇಟ್ಟುಕೊಳ್ಳಿ. ಆ ಹೆಚ್ಚುವರಿ ಹಣಕ್ಕೆ ಶೇ 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 5,190 ರೂಪಾಯಿ. ಪೆಟ್ರೋಲ್ ಕಾರು ಲೀಟರ್‌ಗೆ 15 ಕಿ.ಮೀ., ಹೈಬ್ರಿಡ್ 22 ಕಿ.ಮೀ. ಕೊಡುತ್ತದೆ, ಪೆಟ್ರೋಲ್ 100 ರೂಪಾಯಿ ಅಂದರೆ ಒಂದು ಕಿ.ಮೀ.ಗೆ ಉಳಿಯುವುದು 2 ರೂಪಾಯಿ 12 ಪೈಸೆ. ಉಳಿತಾಯದಲ್ಲೇ ಕಂತು ತೀರಬೇಕಾದರೆ ತಿಂಗಳಿಗೆ ಸುಮಾರು 2,450 ಕಿ.ಮೀ. ಓಡಿಸಬೇಕು. ಪೆಟ್ರೋಲ್ 80ಕ್ಕೆ ಇಳಿದರೆ 3,050 ಕಿ.ಮೀ. ದಾಟಬೇಕು. ಚನ್ನಪಟ್ಟಣದಿಂದ ಬಿಡದಿಗೆ ಸುಮಾರು 30 ಕಿ.ಮೀ.; ದಿನಾ ಹೋಗಿ ಬಂದರೂ ತಿಂಗಳಿಗೆ 1,500 ಕಿ.ಮೀ., ಉಳಿತಾಯ ಸುಮಾರು 3,180 ರೂಪಾಯಿ. ಅದೂ ಪೂರ್ತಿ ಕೈಗೆ ಬರುವುದಿಲ್ಲ. ಹೈಬ್ರಿಡ್ ತನ್ನ ಶಕ್ತಿ ತೋರಿಸುವುದು ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ನಿಂತು ಹೋಗುವ ಬೆಂಗಳೂರಿನಂಥ ಕಡೆ. ಅಲ್ಲಿ ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬುತ್ತದೆ, ಎಂಜಿನ್ ಆಫ್ ಆಗಿ ಮೋಟರ್ ಎಳೆಯುತ್ತದೆ. ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಪೆಟ್ರೋಲ್ ಕಾರಿನ ಮೈಲೇಜೂ ಚೆನ್ನಾಗಿರುತ್ತದೆ, ಅಂತರ ಕಿರಿದಾಗುತ್ತದೆ.

ಹಾಗಾಗಿ ಕೆಲಸ ಹೊಸದಿರುವಾಗ, ಮನೆಗೆ ಬರುವ ಸಂಬಳ ಅದೇ ಉದ್ಯಮದ ಮೇಲೆ ನಿಂತಿರುವಾಗ, ಈಗ ಹೊಸ ಹೈಬ್ರಿಡ್‌ಗೆ ಸಾಲ ಮಾಡುವುದು ಬೇಡ. ಮಾರುಕಟ್ಟೆ ಬಿದ್ದರೆ ಸಂಬಳಕ್ಕೂ ಪೆಟ್ಟು, ಕಾರಿನ ಮರುಮಾರಾಟದ ಬೆಲೆಗೂ ಪೆಟ್ಟು, ಎರಡೂ ಒಟ್ಟಿಗೆ ಬೀಳುತ್ತವೆ. ಅವನಿಗೆ ಹೈಬ್ರಿಡ್ಡೇ ಬೇಕೆಂದಿದ್ದರೆ ಒಂದೆರಡು ವರ್ಷ ತಡೆದು, ಮೂರು ನಾಲ್ಕು ವರ್ಷ ಓಡಿದ ಕಾರನ್ನು ನೋಡಲಿ. ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತದೆ. ಮೀಟರ್ ಎಷ್ಟು ಓಡಿದೆ, ಸರ್ವಿಸ್ ದಾಖಲೆ ಸರಿಯಾಗಿದೆಯೇ, ವಾರಂಟಿಯಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಎಂಬುದನ್ನು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಪರೀಕ್ಷಿಸಿಕೊಂಡು ಆಮೇಲೆ ಮುಂಗಡ ಕೊಡಿ.